ಫೋನಿನ ಮುಂದೆ ಬೆಲ್ಲ-ನೀರು

ಕಾಶಮ್ಮ ಕಾಕಿ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿಸಬೇಕೆಂದರೆ ಮೊದಲು ಮಣೆ ಹಾಕುತ್ತಿದ್ದಳು. ಮಣೆಯ ಮೇಲೆ ಬೇಳೆ ಡಬ್ಬಿಗೆ ಆನಿಸಿ ನನ್ನ ಫೋನು ಇಡಿಸುವಳು. ಅದರ ಮುಂದೆ ತಂಬಿಗೆ ನೀರು, ಸಣ್ಣ ತಾಟಿನಲ್ಲಿ ಬೆಲ್ಲ. ಆಮೇಲೆ ತಲೆಯ ಮೇಲೆ ಸೆರಗೆಳೆದುಕೊಂಡು ತಾನು ನೆಲಕ್ಕೆ ಕೂರುವಳು. ಎಷ್ಟು ತಡೆದರೂ ನನಗೆ ನಗು ಬರುತ್ತಿತ್ತು.

ನಾರಾಯಣಪುರದಲ್ಲಿ ನಮಗೂ ಅವಳಿಗೂ ನಡುವೆ ಒಂದೇ ಗೋಡೆ. ಸಂಬಂಧಿಕಳಲ್ಲ, ಆದರೆ ನಾನು ಅವಳ ಕೈಯ ರೊಟ್ಟಿ ತಿಂದೇ ಬೆಳೆದವನು. ಬಿ.ಪಿ. ಹೆಚ್ಚಾದ ಮೇಲೆ ಹುಮನಾಬಾದಿನ ಲೇಡಿ ಡಾಕ್ಟರು ತಿಂಗಳಿಗೊಮ್ಮೆ ಫೋನಿನಲ್ಲೇ ಅವಳನ್ನು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು, ಅದರೊಳಗೆ ಧೂಳು ತೇಲುತ್ತ, ಊರೆಲ್ಲ ತೂಕಡಿಸುತ್ತಿರುತ್ತಿತ್ತು. ನೆಟ್‌ವರ್ಕ್ ಹೋಗಿ ಡಾಕ್ಟರ ಮುಖ ನಿಂತುಬಿಟ್ಟರೆ ಕಾಕಿ ನನ್ನನ್ನೇ ಗದರುವಳು: "ಸುಮ್ನಿರು, ಏನೋ ವಿಚಾರ ಮಾಡಾಕತ್ತಾರ."

ಒಂದು ಚಳಿಗಾಲದಲ್ಲಿ ಕಾಕಿಗೆ ಏದುಸಿರು ಶುರುವಾಯಿತು. ಹೊಲದಿಂದ ಬರುವಾಗ ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಡಾಕ್ಟರ ಕಾಲ್ ಇದ್ದ ದಿನ, ಇವತ್ತು ಎಲ್ಲ ಹೇಳಲೇಬೇಕು ಎಂದು ಬೆಳಗಿನಿಂದ ಬಡಕೊಂಡಿದ್ದೆ. ಡಾಕ್ಟರು ಹ್ಯಾಂಗ ಅದೀರಿ ಕಾಕಿ ಎಂದದ್ದೇ ತಡ, "ಆರಾಮ ಅದೀನ್ರಿ ಡಾಕ್ಟರ್ ಬಾಯಿ" ಎಂದುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಹೀಗೆ ಸುಳ್ಳು ಹೇಳುತ್ತ ಒಂದು ದಿನ ಸಾಯುತ್ತೀ ಎಂದು ಬೈದೆ. ಅವಳು ಶಾಂತಳಾಗಿ ನನ್ನತ್ತ ತಿರುಗಿದಳು.

"ಬಂದವರು ಒಂದು ಗುಟುಕು ನೀರ ಕುಡಿಯೂಕಿಂತ ಮೊದಲ ನಮ್ಮ ಗೋಳು ಹೇಳಬಾರದೋ ತಮ್ಮಾ. ಅವರು ಇನ್ನೂ ಬೆಲ್ಲಾನ ಮುಟ್ಟಿಲ್ಲ."

ಫೋನಿನೊಳಗಿನವರು ಹೇಗೆ ಕುಡಿದಾರು? ತಲೆ ಚಚ್ಚಿಕೊಳ್ಳಬೇಕೆನಿಸಿತು. ಡಾಕ್ಟರಿಗೆ ಎಲ್ಲ ಕೇಳಿಸಿತ್ತು. ಅವರು ನಗಲಿಲ್ಲ. ತಮ್ಮ ಮೇಜಿನ ಮೇಲಿದ್ದ ಬಾಟಲಿ ಎತ್ತಿ ಕುಡಿದು, ಬಾಯಿ ಒರೆಸಿಕೊಂಡು, "ಕುಡದೀನ್ರಿ ಕಾಕಿ. ಈಗ ಹೇಳ್ರಿ" ಎಂದರು.

ಕಾಕಿ ಹೇಳಿದಳು. ಎಡಗೈ ಸೆಳೆತ, ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗುವುದು, ಎಲ್ಲವನ್ನೂ. ಈಗಿಂದೀಗ ಹುಮನಾಬಾದಿಗೆ ಕರೆತನ್ನಿ ಎಂದರು ಡಾಕ್ಟರು. ಜೀಪಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿದ್ದಳು, ಕಬ್ಬಿನ ಟ್ರ್ಯಾಕ್ಟರುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ನಾನು ಬಹಳ ಹೆದರಿದ್ದೆ. ಹೃದಯಕ್ಕೆ ಪೆಟ್ಟಾಗಿತ್ತು, ಆದರೂ ಉಳಿದಳು. ಎಚ್ಚರವಾದಾಗ ಡಾಕ್ಟರ ಗಲ್ಲ ಸವರಿ, ಎಷ್ಟು ಬಡಕಲಾಗೀಯವ್ವಾ, ನಿನ್ನ ಊಟಾ ಯಾರು ನೋಡ್ತಾರ ಎಂದು ವಿಚಾರಿಸಿದಳಂತೆ.

ಕಳೆದ ಶ್ರಾವಣದಲ್ಲಿ, ಉಂಡು ಅಡ್ಡಾದವಳು ಏಳಲಿಲ್ಲ.

ದಿನಕರ್ಮದ ಗದ್ದಲದಲ್ಲಿ ಡಾಕ್ಟರಿಗೆ ಸುದ್ದಿ ಮುಟ್ಟಿರಲಿಲ್ಲ. ತಿಂಗಳ ಕಾಲ್ ತಾನಾಗಿ ಬಂತು. ಕಾಕಿಗೆ ಕೊಡ್ರಿ ಎಂದರು. ಹೇಳಿದೆ. ಅವತ್ತು ಏನಾದರೂ ತ್ರಾಸ ಅಂದಿದ್ದರೇ ಎಂದು ಕೇಳಿದರು.

"ಇಲ್ರಿ. ಎದಿ ಹೂವಿನಂಗ ಹಗುರ ಆಗೇದ, ಡಾಕ್ಟರ್ ಬಾಯಿಗೆ ಹೇಳು ಅಂದಿದ್ಲು."

ಡಾಕ್ಟರು ಕಣ್ಣೊರೆಸಿಕೊಂಡರು. "ಖರೇನ ಹಗುರ ಆಗಿತ್ತೇನ್ರಿ? ಇಲ್ಲಾ, ನನಗ ಬ್ಯಾಸರ ಆಗಬಾರದಂತ ಹಂಗ ಅಂದ್ರೋ?"

ನನಗೆ ಗೊತ್ತಿರಲಿಲ್ಲ. ಫೋನನ್ನು ಗೋಡೆಗೆ ಆನಿಸಿ, ಅದರ ಮುಂದೆ ಒಂದು ತಂಬಿಗೆ ನೀರು ಇಟ್ಟೆ.