ಧನ್ಯವಾದಕ್ಕೊಂದು ಸಭೆ

ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ಈ ನಲವತ್ತೆರಡು ವರ್ಷಗಳಲ್ಲಿ ನಾನು ಲೆಕ್ಕವಿಲ್ಲದಷ್ಟು ಸಭೆಗಳಲ್ಲಿ ಕೂತಿದ್ದೇನೆ. ಧನ್ಯವಾದ ಸಮರ್ಪಣೆಯನ್ನು ಪೂರ್ತಿ ಕೇಳಿದ ನೆನಪು ಮಾತ್ರ ಇಲ್ಲ. ನಿಮಗೂ ಇರಲಾರದು, ಸುಮ್ಮನೆ ಸುಳ್ಳು ಹೇಳಬೇಡಿ. 'ಇನ್ನು ಧನ್ಯವಾದ' ಎಂದು ಮೈಕು ಹೇಳಿದ್ದೇ ತಡ, ನಮ್ಮ ಕಾಲುಗಳು ಕುರ್ಚಿಯಡಿ ಚಪ್ಪಲಿ ಹುಡುಕತೊಡಗುತ್ತವೆ. ಯಕ್ಷಗಾನದ್ದೂ ಅದೇ ಕಥೆ. ಬೆಳಗಿನ ಜಾವ ಭಾಗವತರು ಮಂಗಳ ಹಾಡುವ ಹೊತ್ತಿಗೆ ಎದುರಿಗೆ ಉಳಿದಿರುವವರು ನಿದ್ದೆಹೋದವರು ಮಾತ್ರ. ಸಂಸ್ಕೃತ ನಾಟಕಗಳ ಕೊನೆಗೆ ಲೋಕಕ್ಕೆಲ್ಲ ಒಳಿತು ಕೋರುವ ಭರತವಾಕ್ಯವನ್ನಾದರೂ ಎಷ್ಟು ಮಂದಿ ಕೂತು ಕೇಳುತ್ತಿದ್ದರೋ, ನನಗೆ ಸಂಶಯವಿದೆ.

ಅಂಥ ಧನ್ಯವಾದ ಈ ಸಲದ ಸ್ವಾತಂತ್ರ್ಯ ದಿನಕ್ಕೆ ನನ್ನ ಮಗಳ ಪಾಲಿಗೆ ಬಂದಿತ್ತು. ಧೃತಿ ಒಂದನೇ ಕ್ಲಾಸು. ಟೀಚರ್ ಬರೆದುಕೊಟ್ಟದ್ದು ಎಂಟೇ ವಾಕ್ಯ. ಅದನ್ನು ಅವಳು ಎರಡು ವಾರ ಸ್ನಾನ ಮಾಡುವಾಗ, ದೋಸೆ ತಿನ್ನುವಾಗ, ಸ್ಕೂಟರಿನಲ್ಲಿ ನನ್ನ ಬೆನ್ನಿಗಂಟಿ ಕೂತಾಗ ಹೇಳಿ ಹೇಳಿ, ಕೊನೆಗೆ ಕೆಳಗಿನ ಮನೆಯವರಿಗೂ ಬಾಯಿಪಾಠವಾಯಿತು. ಹದಿನಾಲ್ಕರ ಬೆಳಿಗ್ಗೆ ಎದ್ದಾಗ ಅವಳ ಎರಡೂ ಕಣ್ಣು ಕೆಂಪು. ಮಳೆಗಾಲದಲ್ಲಿ ನಮ್ಮೂರನ್ನು ಒಂದು ಸುತ್ತು ಹಾಕದೆ ಬಿಡದ ಕೆಂಗಣ್ಣು. ವಿಷಯ ತಿಳಿಸಿದಾಗ ಶಾಲೆಯವರು ನಯವಾಗಿ, 'ಕಳಿಸಬೇಡಿ' ಎಂದರು. ಮಗಳು ಅಳಲಿಲ್ಲ. ಎಂಟು ವಾಕ್ಯಗಳನ್ನೂ ನುಂಗಿಕೊಂಡು ಸುಮ್ಮನೆ ಕೂತಳು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಹೆಂಡತಿ ಬ್ಯಾಂಕಿನವಳು, ರಜೆಯಾದರೂ ಧ್ವಜಾರೋಹಣಕ್ಕೆ ಹಾಜರಾಗಬೇಕು. ಮರುದಿನ ಬೆಳಿಗ್ಗೆ ಹೊರಡುವಾಗ, "ಅವಳಿಗೆ ಬೇಜಾರಾಗದ ಹಾಗೆ ಎಂತಾದ್ರೂ ಮಾಡಿ ಮಾರಾಯ್ರೆ" ಎಂದು ಹೇಳಿ ಹೋದಳು. ಜೆಪ್ಪುವಿನ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಉಳಿದದ್ದು ನಾನು, ನನ್ನ ಅಮ್ಮ ಮತ್ತು ಧೃತಿ.

"ಇಲ್ಲೇ ಹೇಳು ಮಗಾ, ನಾನೂ ಅಜ್ಜಿಯೂ ಕೇಳ್ತೇವೆ" ಎಂದೆ.

"ಸಭೆ ಆಗದೆ ಧನ್ಯವಾದ ಹೇಳುದು ಹೇಗೆ ಅಪ್ಪ? ಯಾರಿಗೆ?"

ಸರಿಯಾದ ಪ್ರಶ್ನೆಯೇ. ಹಾಗಾಗಿ ಸಭೆ ಏರ್ಪಟ್ಟಿತು. ನಮ್ಮ ಜಿಲ್ಲೆಯಲ್ಲಿ ಸಭೆ ಎಂದರೆ ಹುಡುಗಾಟವಲ್ಲ. ಕ್ರಿಕೆಟ್ ಪಂದ್ಯಕ್ಕೂ ಒಬ್ಬರು ಅಧ್ಯಕ್ಷರು ಬೇಕು, ಒಬ್ಬರು ಮುಖ್ಯ ಅತಿಥಿ ಬೇಕು, ಇಬ್ಬರಿಗೂ ಶಾಲು ಬೇಕು. ನಾನು ಅಧ್ಯಕ್ಷ, ಅಮ್ಮ ಮುಖ್ಯ ಅತಿಥಿ. ಪ್ರಾರ್ಥನೆ, ಸ್ವಾಗತ, ನಿರೂಪಣೆ ಎಲ್ಲ ಧೃತಿಯದ್ದೇ. ಸಭಿಕರ ಕಡೆ ಒಂದು ಗೊಂಬೆ ಕರಡಿ. ವೇದಿಕೆಯಲ್ಲಿ ಜನ ಹೆಚ್ಚು, ಎದುರಿಗೆ ಕಡಿಮೆ. ಆ ಮಟ್ಟಿಗೆ ಊರಿನ ಸಂಪ್ರದಾಯ ಪಾಲನೆಯಾಯಿತು. ಚೆಂಬಿಗೆ ಕುಚಲಕ್ಕಿ ತುಂಬಿ ಅದರಲ್ಲಿ ಪುಟ್ಟ ಧ್ವಜವನ್ನು ನೆಟ್ಟೆವು. ಮೈ ಒರೆಸಲು ತಂದಿಟ್ಟಿದ್ದ ಹೊಸ ಬೈರಾಸೇ ಅಮ್ಮನಿಗೆ ಶಾಲಾಯಿತು. ಮನೆಯಲ್ಲಿ ತುಳು ಮಾತಾಡುವ ನಾವು ಸಭೆ ಎಂದ ಕೂಡಲೇ ಕನ್ನಡಕ್ಕೆ ಹೊರಳಿದೆವು. ಕಪ್ಪು ಕನ್ನಡಕ ಹಾಕಿಕೊಂಡ ನಿರೂಪಕಿ ಗಂಭೀರವಾಗಿ, "ಈಗ ಅಧ್ಯಕ್ಷರು ಎರಡು ಮಾತು ಆಡಬೇಕಾಗಿ ವಿನಂತಿ" ಎಂದಳು.

ಎಡವಟ್ಟಾದದ್ದು ಅಲ್ಲೇ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಗಂಟೆ ಹೊಡೆಯದೆ ನಿಲ್ಲಿಸಿ ಗೊತ್ತಿಲ್ಲ. ಒಂದು ಕರಡಿಯ ಎದುರಿಗಾದರೂ ಮಾತು ಏರುತ್ತಾ ಹೋಯಿತು. ಉಪ್ಪಿನ ಸತ್ಯಾಗ್ರಹ ಮುಗಿಸಿ ಇನ್ನೇನು ಕ್ವಿಟ್ ಇಂಡಿಯಾಕ್ಕೆ ಕೈಹಾಕಬೇಕು, ಅಷ್ಟರಲ್ಲಿ ಮಳೆಯಿಂದಾಗಿ ತಡವಾಗಿದ್ದ ಕೆಳಗಿನ ಅಂಗಳದ ಧ್ವಜಾರೋಹಣ ನಡೆದು, ಲೌಡ್‌ಸ್ಪೀಕರಿನಲ್ಲಿ ರಾಷ್ಟ್ರಗೀತೆ ಶುರುವಾಯಿತು. ಮೂವರೂ ಎದ್ದು ನೆಟ್ಟಗೆ ನಿಂತೆವು. ಗೀತೆ ನಿಂತದ್ದೇ ಧೃತಿ ನೆಲದಲ್ಲಿ ಕುಕ್ಕರಿಸಿದಳು.

"ಮುಗಿಯಿತು."

"ಎಂತ ಮುಗಿದದ್ದು?"

"ಸಭೆ. ರಾಷ್ಟ್ರಗೀತೆ ಆದ ಮೇಲೆ ಯಾರೂ ಮಾತಾಡ್ಲಿಕ್ಕಿಲ್ಲ. ಟೀಚರ್ ಹೇಳಿದ್ದಾರೆ."

ಕಪ್ಪು ಕನ್ನಡಕದ ಕೆಳಗಿನಿಂದ ನೀರಿಳಿಯಿತು. ಉಜ್ಜಬಾರದೆಂದು ಡಾಕ್ಟರು ಹೇಳಿದ್ದರಿಂದ ಎರಡೂ ಕೈ ಮಡಿಲಲ್ಲಿಟ್ಟುಕೊಂಡೇ ಅತ್ತಳು. ಎಂಟು ವಾಕ್ಯಕ್ಕೆ ಜಾಗ ಬಿಡದಷ್ಟು ನಾನು ಹೇಳಿದ್ದಾದರೂ ಏನನ್ನು?

ಅಮ್ಮ ಉಪಾಯ ಹೂಡಿದಳು. "ಅದು ಕೆಳಗಿನವರ ಸಭೆ ಮುಗಿದದ್ದು ಮಗಾ. ನಮ್ಮದು ಇನ್ನೂ ಉಂಟು."

"ರಾಷ್ಟ್ರಗೀತೆ ಎಲ್ಲರದ್ದೂ ಅಲ್ವಾ ಅಜ್ಜಿ?"

ಹದಿನೈದು ವರ್ಷ ಪಾಠ ಹೇಳಿದ ನಾನು ಕರಡಿಯ ಕಡೆ ನೋಡಿದೆ. ಅಮ್ಮ ನನ್ನ ಕಡೆ ತಿರುಗಿ, "ನಿನ್ನ ಎರಡು ಮಾತು ಅಂದ್ರೆ ಇಷ್ಟು ಉದ್ದವಾ ಮಾರಾಯ?" ಎಂದಳು.

"ತಪ್ಪು ನಂದೇ" ಎಂದೆ. "ಇನ್ನೊಂದು ಸಭೆ ಕರೆಯುವಾ. ಬರೀ ಧನ್ಯವಾದಕ್ಕೆ."

ಧೃತಿ ಯೋಚಿಸಿದಳು. "ಅಧ್ಯಕ್ಷರು ಬೇಡ."

"ಬೇಡ."

"ಭಾಷಣವೂ ಬೇಡ."

"ಖಂಡಿತ ಬೇಡ."

ನಾನು ವೇದಿಕೆಯಿಂದಿಳಿದು ಕರಡಿಯ ಪಕ್ಕ ನೆಲದಲ್ಲಿ ಕೂತೆ. ಅವಳು ಎದ್ದು, ಫ್ರಾಕು ಸರಿಮಾಡಿಕೊಂಡು ಕೈಮುಗಿದಳು. ಹೆಡ್‌ಮಿಸ್ಸು, ಲಡ್ಡು ಕೊಟ್ಟವರು ಯಾರೂ ನಮ್ಮ ಸಭೆಯಲ್ಲಿ ಇರಲಿಲ್ಲವಾದ್ದರಿಂದ ಟೀಚರ್ ಬರೆದುಕೊಟ್ಟ ಪಟ್ಟಿಯನ್ನು ಅಲ್ಲಲ್ಲೇ ತಿದ್ದಿಕೊಂಡಳು. ಲಡ್ಡುವಿನ ಬದಲು ಶೀರ ಮಾಡಿದ ಅಜ್ಜಿಗೆ, ಕಣ್ಣಿಗೆ ಮದ್ದು ಬಿಟ್ಟು ಬ್ಯಾಂಕಿಗೆ ಹೋದ ಅಮ್ಮನಿಗೆ, ಧ್ವಜವನ್ನು ಬೀಳಗೊಡದ ಕುಚಲಕ್ಕಿಗೆ, ಎದ್ದು ಹೋಗದೆ ಕೂತ ಕರಡಿಗೆ. ಕೊನೆಗೆ ಸ್ವಾತಂತ್ರ್ಯ ತಂದುಕೊಟ್ಟವರ ಹೆಸರುಗಳು ಬರಬೇಕಿತ್ತು. ಅತ್ತು ಕರೆದ ಗಲಾಟೆಯಲ್ಲಿ ಅವು ಮರೆತುಹೋಗಿದ್ದವು. ತಡವರಿಸಿ, ಅಜ್ಜಿಯ ಮುಖ ನೋಡಿ, "ಮತ್ತೆ, ಹೆಸರು ಗೊತ್ತಿಲ್ಲದ ಎಲ್ಲರಿಗೂ ಧನ್ಯವಾದ" ಎಂದುಬಿಟ್ಟಳು.

ನಾನು ವರ್ಷಗಟ್ಟಲೆ ಹೆಸರುಗಳನ್ನೇ ಕಲಿಸಿದವನು, ಹೆಸರುಗಳಿಗೇ ಮಾರ್ಕು ಕೊಟ್ಟವನು. ಹೆಸರು ಗೊತ್ತಿಲ್ಲದವರಿಗೆ ಒಮ್ಮೆಯೂ ಕೈಮುಗಿದಿರಲಿಲ್ಲ. ಯೋಚಿಸಿದರೆ ಈ ದಿನವಿರುವುದೇ ಧನ್ಯವಾದ ಹೇಳುವುದಕ್ಕೆ. ಉಳಿದ ಭಾಷಣವೆಲ್ಲ ನಾವು ಆಮೇಲೆ ತುಂಬಿಸಿದ್ದು.

ಸಭೆ ಮುಗಿಯಬೇಕಾದರೆ ಮತ್ತೆ ರಾಷ್ಟ್ರಗೀತೆ ಬೇಕಲ್ಲ. ಈ ಸಲ ಲೌಡ್‌ಸ್ಪೀಕರು ಇರಲಿಲ್ಲ, ನಾವೇ ಹಾಡಿದೆವು. ಅಮ್ಮನ ಶ್ರುತಿ ಒಂದು ಕಡೆ, ನನ್ನದು ಇನ್ನೊಂದು ಕಡೆ. ಧೃತಿ ಇಬ್ಬರನ್ನೂ ಬಿಟ್ಟು ಮುಂದೆ ಹೋಗಿ ಕೊನೆಯ ಜಯದಲ್ಲಿ ನಮಗಾಗಿ ಕಾದಳು.

ಶೀರ ತಿನ್ನುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಕುಚಲಕ್ಕಿಗೂ ಧನ್ಯವಾದ ಸಿಕ್ಕಿತು. ನನಗೆ ಯಾಕೆ ಇಲ್ಲ ಮಗಾ?"

"ನೀವು ಮೊದಲಿನ ಸಭೆಯ ಅಧ್ಯಕ್ಷರಲ್ವಾ ಅಪ್ಪ? ಅದು ಮುಗಿಯಿತಲ್ಲ."

ಮುಗಿದಿತ್ತು, ನಿಜ. ಸ್ವತಂತ್ರ ದೇಶದಲ್ಲಿ ಮಾಜಿ ಅಧ್ಯಕ್ಷನೊಬ್ಬ ಮರ್ಯಾದೆಯಿಂದ ಮಾಡಬಹುದಾದ ಕೆಲಸ ಒಂದೇ. ನಾನು ಎದ್ದು ಕುರ್ಚಿಗಳನ್ನು ಒಳಗಿಟ್ಟು ಬಂದೆ.