ಧ್ರುವದ ಜೂನ್ ತಿಂಗಳೂ ಸೌಭಾಗ್ಯ ಮೇಡಮ್ಮರೂ

ಬಬಲೇಶ್ವರದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸೌಭಾಗ್ಯ ಪಿಎಚ್‌.ಡಿ.ಗೆ ಹೆಸರು ಹಚ್ಚಿದಾಗ ಅವರಿಗೆ ನಲವತ್ತಾರು ವರ್ಷ. ಮಾರ್ಗದರ್ಶಕಿ ಡಾ. ಸೈಮಾ ಇವರಿಗಿಂತ ಹತ್ತು ವರ್ಷ ಚಿಕ್ಕವರು. ಇವರು ಅವರನ್ನು ಮೇಡಂ ಅನ್ನುವರು, ಅವರು ಇವರನ್ನು ಮೇಡಂ ಅನ್ನುವರು. ಯಾರು ಯಾರಿಗೆ ಕಲಿಸುತ್ತಾರೆಂಬುದು ವಿಶ್ವವಿದ್ಯಾಲಯದ ವಿಭಾಗದ ಜವಾನ ಸಿದ್ದರಾಯನಿಗೆ ಎರಡು ವರ್ಷ ತಿಳಿಯಲಿಲ್ಲ.

ನೆಲದಿಂದ ಎಂಬತ್ತೇಳು ಕಿಲೋಮೀಟರ್ ಮೇಲೆ ಗಾಳಿ ತಾನಾಗಿಯೇ ಮಂದವಾಗಿ ಬೆಳಗುತ್ತದೆ. ಉತ್ತರ ಧ್ರುವದ ಹತ್ತಿರ ಆ ಬೆಳಕು ಎಷ್ಟು, ಅಲ್ಲಿಯ ಉಷ್ಣತೆ ಎಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಸೌಭಾಗ್ಯರ ಕೆಲಸ. ಸ್ವತಃ ಅವರು ಪುಣೆ ದಾಟಿದವರಲ್ಲ. ಡಿಸೆಂಬರಿನಲ್ಲಿ ವಿಜಯಪುರದ ಚಳಿಗೇ ಎರಡು ಸ್ವೆಟರ್ ಹಾಕುವವರು.

ಮೂರನೆಯ ವರ್ಷ ಉತ್ತರ ಬಂತು: ಅಲ್ಲಿ ಜೂನ್ ಬಿಸಿ, ಡಿಸೆಂಬರ್ ತಂಪು. ಸೊಲ್ಲಾಪುರ ರಸ್ತೆಯಲ್ಲಿ ಟಯರ್ ಅಂಗಡಿ ಇಟ್ಟಿರುವ ಗಂಡ ಸಂಗನಬಸವ, ಇಷ್ಟು ತಿಳಿಯಲಿಕ್ಕೆ ಮೂರು ವರ್ಷ ಬೇಕಾಯಿತೇ ಎಂದರು. ತೊಂದರೆ ಬೇರೆಯೇ ಇತ್ತು. ಉಪಗ್ರಹಗಳು ಅಳೆದದ್ದು ಇದಕ್ಕೆ ಪೂರಾ ಉಲ್ಟಾ. ಅಷ್ಟು ಎತ್ತರದಲ್ಲಿ, ಸೂರ್ಯ ಮುಳುಗದ ಬೇಸಿಗೆಯಲ್ಲೇ ಸೊನ್ನೆಗಿಂತ ನೂರಾ ನಲವತ್ತು ಡಿಗ್ರಿ ಕೆಳಗೆ. ಅದಕ್ಕಿಂತ ಚಳಿಗಾಲವೇ ಬೆಚ್ಚಗೆ. ಸೌಭಾಗ್ಯರಿಗೆ ಇದು ಪುಸ್ತಕದಿಂದ ಗೊತ್ತಿತ್ತು. ಅವರ ಕಂಪ್ಯೂಟರಿಗೆ ಗೊತ್ತಿರಲಿಲ್ಲ.

ತಪ್ಪು ಹುಡುಕುತ್ತ ನಾಲ್ಕು ತಿಂಗಳು ಹೋದವು. ಓಝೋನಿನ ಪ್ರಮಾಣ ತಿದ್ದಿದರು, ಜಲಜನಕದ್ದು ತಿದ್ದಿದರು. ಒಂದು ಭಾನುವಾರ ಗಂಡನಿಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋದವರು ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬೇಸರ ತೋಡಿಕೊಂಡರು. ಸಂಗನಬಸವ ಟ್ರ್ಯಾಕ್ಟರಿನ ಗಾಲಿಯ ಗಾಳಿ ಬಿಡುತ್ತಿದ್ದರು. ಬೇಸಿಗೆಯಲ್ಲಿ ಯಾಕೆ ತಣ್ಣಗಾಗಬೇಕು ಎಂದು ಕೇಳಿದರು. ಗಾಳಿ ಮೇಲೇರುತ್ತದೆ, ಏರಿ ಹಿಗ್ಗುತ್ತದೆ ಎಂದರು ಸೌಭಾಗ್ಯ.

"ಹಿಗ್ಗಿದ್ರ ತಣ್ಣಗಾಗಾಕ ಬೇಕಲ್ಲ. ಈ ವಾಲ್ವಿಗೆ ಬೆರಳ ಹಿಡದ ನೋಡು. ನಿನ್ನ ಗಾಳಿ ಮ್ಯಾಲ ಏರಾಕತ್ತೈತೋ ಕೆಳಗ ಇಳ್ಯಾಕತ್ತೈತೋ, ಅದನ್ನರ ನೋಡೀಯೇನು?"

ನೋಡಿರಲಿಲ್ಲ. ಮನೆಗೆ ಬಂದು ಕಂಪ್ಯೂಟರ್ ತೆಗೆದು ನೋಡಿದರೆ, ಬೇರೆಯವರಿಂದ ತಂದ ಗಾಳಿಯ ಅಂಕಿಗಳಲ್ಲಿ ಮೈನಸ್ ಎಂದರೆ ಏರುವುದು. ಇವರ ಪ್ರೋಗ್ರಾಮಿನಲ್ಲಿ ಮೈನಸ್ ಎಂದರೆ ಇಳಿಯುವುದು. ಒಂದು ಗೀಟು ತಿದ್ದಿದರು. ಜೂನ್ ತಣ್ಣಗಾಯಿತು. ಫೋನಿನಲ್ಲಿ ಸುದ್ದಿ ಕೇಳಿದ ಸೈಮಾ ಬೈಯಲಿಲ್ಲ; ತಾವೂ ಅದನ್ನು ನೋಡಿರಲಿಲ್ಲವೆಂದು ಮೆಲ್ಲಗೆ ಒಪ್ಪಿಕೊಂಡರು.

ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ, ನಿರಂತರ ಪ್ರೋತ್ಸಾಹಕ್ಕಾಗಿ ಪತಿಗೆ ವಂದನೆ ಎಂದು ಅಚ್ಚಾಯಿತು. ಸಂಗನಬಸವ ಎರಡು ದಿನ ಮುಖ ಉಬ್ಬಿಸಿಕೊಂಡರು.

"ಪ್ರೋತ್ಸಾಹ ನಾ ಯಾವಾಗ ಕೊಟ್ಟೇನಿ? ಕೊಟ್ಟಿದ್ದನ್ನ ಬರೀಬೇಕಿತ್ತು."

ಹೋದ ವರ್ಷ ಪದವಿ ಬಂತು. ಪ್ರಾಚಾರ್ಯರು ಶಾಲು ಹೊದಿಸಿ, ಆಕಾಶ ಬಲ್ಲವರೆಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಮಳೆ ಬಾರದ ದಿನ ಆರಿಸುವ ಹೊಣೆಯನ್ನೂ ಹೊರಿಸಿದರು. ಅಷ್ಟು ಕೆಳಗಿನ ಆಕಾಶ ತಮಗೆ ಗೊತ್ತಿಲ್ಲವೆಂದು ಸೌಭಾಗ್ಯ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಫೆಬ್ರವರಿಯ ಒಂದು ಶನಿವಾರ ತೋರಿಸಿದರು. ಒಂದು ಹನಿ ಮಳೆಯೂ ಬೀಳಲಿಲ್ಲ. ಅಂದಿನಿಂದ ಅವರ ಸಂಶೋಧನೆಯ ಬಗ್ಗೆ ಕಾಲೇಜಿನಲ್ಲಿ ಬಹಳ ಗೌರವವಿದೆ.