ಮೀಟರ್ ಮಾವ ಅಳೆಯದ ನೀರು

ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆಗೆ ನೀರು ಬಿಡುವವನನ್ನು ಎಲ್ಲರೂ ಮೀಟರ್ ಮಾವ ಎನ್ನುತ್ತಿದ್ದರು. ಯಾವ ಮಡಿಗೆ ಎಷ್ಟು ಲೀಟರ್ ಹೋಯಿತೆಂದು ಮೀಟರ್ ನೋಡಿ ಬರೆಯುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ಮನೆಯ ನಲ್ಲಿ ತೊಟ್ಟಿಕ್ಕಿದರೂ ಅವನಿಗೆ ಸಮಾಧಾನವಿಲ್ಲ. "ನಿಮ್ಮನ್ನ ಕಟ್ಟಿಕೊಂಡು ನನ್ನ ಸ್ನಾನವನ್ನೂ ಬರೆದಿಡಬೇಕು" ಎಂದು ಹೆಂಡತಿ ಚುಚ್ಚುತ್ತಿದ್ದಳು.

ಈ ಸಲ ಅವನ ಪಾಲಿಗೆ ಬಂದದ್ದು ಒಬ್ಬ ವಿದ್ಯಾರ್ಥಿನಿಯ ಹುರುಳಿಕಾಯಿ ಬೆಳೆ. ಒಂದು ಮಡಿಗೆ ಪೂರ್ತಿ ನೀರು, ಇನ್ನೊಂದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು ಭಾಗ. ಕಡಿಮೆ ನೀರಿಗೆ ಎಷ್ಟು ಕಾಯಿ ನಿಲ್ಲುತ್ತದೆ ಎಂದು ಅವಳು ನೋಡಬೇಕಿತ್ತು. ಅವಳ ಓದಿನ ಅವಧಿ ಈ ಬೆಳೆಯೊಂದಿಗೇ ಮುಗಿಯುತ್ತಿತ್ತು. ಮತ್ತೆ ಬಿತ್ತುವ ಹಾಗಿರಲಿಲ್ಲ.

ಮೂರನೆಯ ಮಡಿಯ ಎಲೆಗಳು ಮಧ್ಯಾಹ್ನಕ್ಕೆ ಮಡಚಿಕೊಳ್ಳುತ್ತಿದ್ದವು. ಹೂಗಳು ಕಾಯಾಗುವ ಮೊದಲೇ ಉದುರುತ್ತಿದ್ದವು. ಪಂಪ್ ಶೆಡ್ಡಿನ ನೆರಳು ಬೀಳುತ್ತಿದ್ದುದು ಅದರ ಅಂಚಿಗೇ. ಮಾವ ಊಟಕ್ಕೆ ಕೂರುತ್ತಿದ್ದುದೂ ಅಲ್ಲೇ.

ಒಂದು ದಿನ ಹುಡುಗಿ ಅಂಚಿನ ನಾಲ್ಕು ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಮುಖ ಅರಳಿಸಿದಳು. "ನೋಡಿ ಮಾವ, ಎಲ್ಲ ಒಣಗಿದ್ರೂ ಇವು ಹೇಗೆ ಕಾಯಿ ಕಚ್ಚಿವೆ! ಇವಕ್ಕೆ ಬರ ತಡೆಯೋ ಶಕ್ತಿ ಇದೆ. ಬೀಜ ಎತ್ತಿಡೋಣ."

ಮಾವ ತಲೆಯಾಡಿಸಿದ. "ಶಕ್ತಿಯೂ ಇಲ್ಲ, ಏನೂ ಇಲ್ಲಮ್ಮ. ನಾನು ಉಂಡು ಕೈ ತೊಳೆಯೋದು ಅಲ್ಲಿ."

"ಮೀಟರ್ ಮಾವ ನೀರು ಚೆಲ್ಲೋದಾ? ತಮಾಷೆ ಸಾಕು."

ಅವನು ನಗಲಿಲ್ಲ. ಅವಳ ಮುಖವೂ ಇಳಿಯಿತು.

"ಎಷ್ಟು ದಿನದಿಂದ?"

"ಹೂ ಬಿಟ್ಟಾಗಿನಿಂದ."

"ಬೇಕಂತ ಮಾಡಿದ್ರಾ?"

ಮೊದಮೊದಲು ಎದ್ದು ಹೋಗಲು ಬೇಸರ, ಅಷ್ಟೇ. ಆಮೇಲೆ ಗಿಡ ತಲೆಯೆತ್ತಿದ್ದನ್ನು ನೋಡಿ ಊಟದ ಡಬ್ಬಿಯನ್ನೂ ಅಲ್ಲೇ ತೊಳೆಯತೊಡಗಿದ್ದ. "ಆಮೇಲಾಮೇಲೆ ಹೌದಮ್ಮ" ಎಂದ.

"ದಿನಕ್ಕೆ ಎಷ್ಟು ನೀರು ಅಂತ ಹೇಳಿ ಮಾವ. ಅಳತೆ ಸಿಕ್ಕರೆ ಆ ಗಿಡಗಳ ಲೆಕ್ಕ ಸರಿಮಾಡಬಹುದು. ಸಿಗದಿದ್ರೆ ಮಣ್ಣಲ್ಲಿ ನೀರು ಎಷ್ಟು ದೂರ ಹರಿದಿದೆಯೋ ಗೊತ್ತಾಗಲ್ಲ, ಇಡೀ ಮಡಿ ಕೈಬಿಡಬೇಕು."

ಅವಳು ಅಳತೆಯ ಜಾಡಿ ಹಿಡಿದಳು. ಅವನು ಅದರ ಮೇಲೆ ಕೈ ತೊಳೆದ: ಮುನ್ನೂರು ಮಿಲಿಲೀಟರ್. ಡಬ್ಬಿಯನ್ನೂ ತೊಳೆದ: ಒಂಬೈನೂರು. ಡಬ್ಬಿಯನ್ನೇ ಇನ್ನೊಮ್ಮೆ ತೊಳೆದರೆ ಐನೂರು.

"ದಿನಾ ತೊಳೆಯೋ ಹಾಗೆ ತೊಳೀರಿ, ಮಾವ."

"ದಿನಾ ಹೇಗೆ ತೊಳೀತಿದ್ದೆ ಅನ್ನೋದೇ ನೆನಪಾಗ್ತಿಲ್ಲಮ್ಮ."

ಅವಳು ಮೂರು ಅಂಕಿ ಬರೆದು, ಮೂರನ್ನೂ ಹೊಡೆದುಹಾಕಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಪೂರ್ತಿ ನೀರಿನ ಮಡಿಗೆ ನೀರು ಬಿಡುವ ಹೊತ್ತಾಗಿತ್ತು. ಮಾವ ಹೋಗಿ ವಾಲ್ವ್ ತಿರುಗಿಸಿದ, ಮೀಟರ್ ನೋಡಿದ, ಒದ್ದೆ ಕೈಯಲ್ಲೇ ಲೀಟರ್ ಬರೆದುಕೊಂಡ.